ಮ್ಯಾಕಿಂಟಾಷ್ ಮತ್ತು ಕೊಪ್ಪೆ

ಶಬ್ದಮಣಿದರ್ಪಣಕಾರನಾದ ಕೇಶಿರಾಜನು ನಾಮಪದಗಳಲ್ಲಿ ರೂಢ, ಅನ್ವರ್ಥ, ಅಂಕಿತ ಎಂಬ ಭೇದಗಳನ್ನು ಹೇಳಿದ್ದಾನೆ. ವ್ಯಕ್ತಿಯೊಬ್ಬನ ಅಂಕಿತನಾಮವು ಕೆಲವೊಮ್ಮೆ ತನ್ನ ಒಡೆಯನನ್ನು ತೊರೆದು, ವಸ್ತುವಿನ ಹೆಸರಾಗಿ ರೂಢಿಗೆ ಬರುವುದುಂಟು. ಮಳೆಯಂಗಿಯನ್ನು ಸೂಚಿಸುವ ‘ಮ್ಯಾಕಿಂಟಾಷ್’ ಎಂಬ ಇಂಗ್ಲಿಷ್ ಶಬ್ದವು ಇದಕ್ಕೆ ಒಳ್ಳೆಯ ನಿದರ್ಶನ.

ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಈ ಮನೆತನದ ಹೆಸರಿಗೆ ‘ನಾಯಕನ ಮಗ’ ಎಂದರ್ಥ. ‘ಮ್ಯಾಕ್’ ಎಂದರೆ ಮಗ. ಗ್ಲಾಸ್ಗೋ ನಗರದ ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಮ್ಯಾಕಿಂಟಾಷನು (1766–1843) ಕಲ್ಲಿದ್ದಲ ಟಾರಿನಿಂದ ದೊರೆಯುವ ನ್ಯಾಫ್ತಾದಲ್ಲಿ ರಬ್ಬರನ್ನು ಕರಗಿಸಿ, ಆ ಅಂಟನ್ನು ಎರಡು ಬಟ್ಟೆಗಳ ನಡುವೆ ಬಳಿದು, ನೀರು ಹೊಗದ ವಸ್ತ್ರವನ್ನು ಸಿದ್ಧಪಡಿಸಿದನು. 1823ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಆತನ ಹೆಸರಿನಲ್ಲಿ ಇಲ್ಲದ ‘ಕೆ’ ಅಕ್ಷರವೊಂದು ಅಂಗಿಯ ಹೆಸರಿನಲ್ಲಿ ಬಂದು ಸೇರಿತು. ರೂಢಿಯು ಯಾರ ಅಪ್ಪಣೆಗೂ ಕಾಯುವುದಿಲ್ಲವಷ್ಟೆ!

ರಾಮನಗರದವರಿಗೆ ಹೆಸರುಗಳ ಇಂಥ ಸಂಚಾರ ಹೊಸದಲ್ಲ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರಿನಿಂದ ಆ ಊರು ಹಿಂದೆ ಕ್ಲೋಸ್‌ಪೇಟೆ ಎನಿಸಿತ್ತು. ಊರಿನ ಹೆಸರು ಬದಲಾದರೂ ಭೂವಿಜ್ಞಾನಿಗಳಿಗೆ ಅಲ್ಲಿಯ ಬಂಡೆ ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟೇ. ಹಾಗೆಯೇ ಆಸ್ಪತ್ರೆಗಳಲ್ಲಿ ರೋಗಿಯ ಹಾಸಿಗೆಯ ಮೇಲೆ ಹಾಸುವ ರಬ್ಬರು ಹಾಳೆಯನ್ನು ದಾದಿಯರು ಈಗಲೂ ಮ್ಯಾಕಿಂಟಾಷ್ ಎನ್ನುತ್ತಾರೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹೊಲಗಳಲ್ಲಿ ಮಳೆಗೆ ಒದಗಿದ್ದು ಮಾತ್ರ ಕೊಪ್ಪೆ. ಗೋಣಿಚೀಲದ ತಳದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಕ್ಕೆ ತಳ್ಳಿ ತಲೆಗೆ ಹಾಕಿಕೊಂಡರೆ ಅದು ಗೋಣಿಕೊಪ್ಪೆ. ಕಂಬಳಿಯನ್ನು ಮಡಿಸಿದರೆ ಕಂಬಳಿಕೊಪ್ಪೆ. ವಿದ್ಯಾರ್ಥಿಗಳು ಇದಕ್ಕೆ ‘ರೈನ್‌ಕೋಟು’ ಎಂದು ಅರ್ಥ ಬರೆದು ಮುಂದೆ ಸಾಗುವುದುಂಟು. ಅದು ಸಾಲದು. ಮ್ಯಾಕಿಂಟಾಷ್ ಎಂಬುದು ಹೊಲಿದಿಟ್ಟ ಉಡುಪಿನ ಹೆಸರು. ಕೊಪ್ಪೆಯಾದರೋ ಮಡಿಕೆಯ ಹೆಸರು. ಮಳೆ ನಿಂತು ಮಡಿಕೆ ಬಿಚ್ಚಿದೊಡನೆ ಕೊಪ್ಪೆಯೆಂಬುದೇ ಇಲ್ಲ. ಅದು ಮತ್ತೆ ರಾತ್ರಿ ಹೊದೆಯುವ ಕಂಬಳಿ, ರಾಗಿ ತುಂಬುವ ಚೀಲ.

ಇಲ್ಲೊಂದು ವಿನೋದವೂ ಉಂಟು. ಉಣ್ಣೆಯಲ್ಲಿ ಸಹಜವಾಗಿರುವ ಜಿಡ್ಡು ನೀರನ್ನು ಜಾರಿಸುತ್ತದೆ. ಕಂಬಳಿಕೊಪ್ಪೆಯ ಬಲವೇ ಅದು. ಮ್ಯಾಕಿಂಟಾಷನಿಗೆ ಅದೇ ಜಿಡ್ಡು ಕಂಟಕವಾಯಿತು. ಉಣ್ಣೆಬಟ್ಟೆಗೆ ಬಳಿದ ಅವನ ರಬ್ಬರಿನ ಅಂಟು ಆ ಜಿಡ್ಡಿನಿಂದ ಕೆಡುತ್ತಿತ್ತು. ಮೇಲಾಗಿ, ಆ ಮೊದಲ ಅಂಗಿಗಳು ಚಳಿಗೆ ಬಿರುಸಾಗಿ, ಬಿಸಿಲಿಗೆ ಮೆತ್ತಗಾಗಿ ಅಂಟಿಕೊಳ್ಳುತ್ತಿದ್ದವು. ಗಂಧಕವನ್ನು ಬೆರೆಸಿ ರಬ್ಬರನ್ನು ಹದಗೊಳಿಸುವ ವಿದ್ಯೆ ಬಂದ ಮೇಲೆಯೇ ಆ ದೋಷ ನೀಗಿತು.

ಈಚೆಗೆ ಗೊಬ್ಬರದ ಪ್ಲಾಸ್ಟಿಕ್ ಚೀಲವನ್ನೂ ರೈತರು ಅದೇ ರೀತಿಯಲ್ಲಿ ಮೂಲೆ ಮಡಿಸಿ ತಲೆಗೇರಿಸುತ್ತಾರೆ. ಅದೂ ಕೊಪ್ಪೆಯೇ.