ಮೈಸೂರು ಬ್ಯಾಂಕ್ ವೃತ್ತ: ಒಂದು ಸ್ಥಳನಾಮದ ಚರಿತ್ರೆ

ಬೆಂಗಳೂರಿನ ಅವೆನ್ಯೂ ರಸ್ತೆಯು ತನ್ನ ಉತ್ತರದ ತುದಿಯಲ್ಲಿ ಕೆಂಪೇಗೌಡ ರಸ್ತೆಯನ್ನು ಸಂಧಿಸುವ ಸ್ಥಳವು ಮೈಸೂರು ಬ್ಯಾಂಕ್ ವೃತ್ತವೆಂದು ಪ್ರಸಿದ್ಧವಾಗಿದೆ. ಯಾವ ಬ್ಯಾಂಕಿನಿಂದ ಈ ಹೆಸರು ಬಂದಿತೋ ಆ ಬ್ಯಾಂಕು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನಗೊಂಡಿತು. ಆದರೂ ಜನರ ಬಾಯಲ್ಲಿ ಹೆಸರು ಬದಲಾಗಲಿಲ್ಲ. ಸ್ಥಳನಾಮಗಳ ಅಧ್ಯಯನಕ್ಕೆ ಇದೊಂದು ಗಮನಾರ್ಹ ನಿದರ್ಶನ.

ಬ್ಯಾಂಕಿಗಿಂತಲೂ ಸ್ಥಳದ ಚರಿತ್ರೆ ಬಹಳ ಹಿಂದಿನದು. 1537ರಲ್ಲಿ ಕೆಂಪೇಗೌಡರು ಬೆಂಗಳೂರು ಪೇಟೆಯನ್ನು ನಿರ್ಮಿಸಿದಾಗ ದೊಡ್ಡಪೇಟೆ ಮತ್ತು ಚಿಕ್ಕಪೇಟೆಗಳು ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೆ ನೇಗಿಲು ಹೂಡಿ ಬೀದಿಗಳನ್ನು ಗುರುತಿಸಲಾಯಿತೆಂಬುದು ಐತಿಹ್ಯ. ಇಂದಿನ ಅವೆನ್ಯೂ ರಸ್ತೆಯೇ ಅಂದಿನ ದೊಡ್ಡಪೇಟೆ. ಅದು ಉತ್ತರದಲ್ಲಿ ಮುಗಿಯುತ್ತಿದ್ದಲ್ಲಿ, ಈಗಿನ ವೃತ್ತದ ಆಸುಪಾಸಿನಲ್ಲಿ, ಮಣ್ಣಿನ ಕೋಟೆಯ ಯಲಹಂಕ ಬಾಗಿಲಿತ್ತು. ಪೂರ್ವದ ಹಲಸೂರು ಬಾಗಿಲನ್ನು 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯವು ಮುರಿದು ಪೇಟೆಯನ್ನು ಪ್ರವೇಶಿಸಿತು. ಆ ಬಾಗಿಲಿನ ಹೆಸರು ಹಲಸೂರು ಗೇಟ್ ಪೊಲೀಸ್ ಠಾಣೆಯಲ್ಲಿ ಇನ್ನೂ ಉಳಿದಿದೆ. ಯಲಹಂಕ ಬಾಗಿಲಿಗೆ ಅಂತಹ ಭಾಗ್ಯ ಒದಗಲಿಲ್ಲ. ಅದರ ನೆನಪನ್ನು ಬ್ಯಾಂಕಿನ ಹೆಸರು ಮುಚ್ಚಿಬಿಟ್ಟಿತು.

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ ಬ್ಯಾಂಕ್ ಆಫ್ ಮೈಸೂರು ಸ್ಥಾಪನೆಯಾಗಿ ಅಕ್ಟೋಬರ್ 2ರಂದು ವ್ಯವಹಾರ ಆರಂಭಿಸಿತು. ಸಂಸ್ಥಾನದ ಕೈಗಾರಿಕೆ ಹಾಗೂ ವಾಣಿಜ್ಯಗಳಿಗೆ ಬಂಡವಾಳ ಒದಗಬೇಕೆಂಬುದು ಅದರ ಹಿಂದಿನ ಆಶಯ. ಧಾನ್ಯ, ಬಟ್ಟೆ, ಚಿನ್ನಬೆಳ್ಳಿಗಳ ವಹಿವಾಟಿನ ಪೇಟೆಯ ಬಾಯಲ್ಲೇ ಅದರ ಪ್ರಧಾನ ಕಚೇರಿ ನೆಲೆಗೊಂಡದ್ದು ಸಹಜವಾಗಿದೆ. 1960ರಲ್ಲಿ ಅದು ಭಾರತೀಯ ಸ್ಟೇಟ್ ಬ್ಯಾಂಕಿನ ಅಧೀನ ಬ್ಯಾಂಕಾಗಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎನಿಸಿತು. ಜನರು ಈ ಬದಲಾವಣೆಯನ್ನೂ ಲೆಕ್ಕಿಸಲಿಲ್ಲ. ಅವರಿಗೆ ಅದು ಮೊದಲಿನಂತೆಯೇ ಮೈಸೂರು ಬ್ಯಾಂಕು.

ಆದರೆ ಈ ಸ್ಥಳಕ್ಕೆ ಚರಿತ್ರೆಯಲ್ಲಿ ಗೌರವ ಸಲ್ಲಬೇಕಾದದ್ದು ಬ್ಯಾಂಕಿನ ಕಾರಣದಿಂದಷ್ಟೇ ಅಲ್ಲ. 1858ರಲ್ಲಿ ಪ್ರೌಢಶಾಲೆಯಾಗಿ ಆರಂಭವಾಗಿ ಮುಂದೆ ಸೆಂಟ್ರಲ್ ಕಾಲೇಜೆನಿಸಿದ ವಿದ್ಯಾಸಂಸ್ಥೆ ಇಲ್ಲಿಗೆ ಕೂಗಳತೆಯ ದೂರದಲ್ಲಿದೆ. ಒಂದೆಡೆ ವಿದ್ಯಾರ್ಥಿಗಳು, ಇನ್ನೊಂದೆಡೆ ಪೇಟೆಯ ಜನಸಂದಣಿ; ಆದುದರಿಂದಲೇ ಚಳವಳಿಯ ಮೆರವಣಿಗೆಗಳಿಗೆ ಇದು ಕೂಡುದಾಣವಾಯಿತು. 1942ರ ಆಗಸ್ಟ್‌ನಲ್ಲಿ, ಕ್ವಿಟ್ ಇಂಡಿಯಾ ಚಳವಳಿಯ ಕಾಲಕ್ಕೆ, ಇಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಶಾಮಣ್ಣ, ತಿರುಮಲಯ್ಯ, ಪ್ರಹ್ಲಾದ ಶೆಟ್ಟಿ, ಗುಂಡಪ್ಪ ಎಂಬ ನಾಲ್ವರು ಹುತಾತ್ಮರಾದರು. ಮೈಸೂರು ದೇಶೀಯ ಸಂಸ್ಥಾನವಾದ್ದರಿಂದ ಇಲ್ಲಿ ಹೋರಾಟವು ಬ್ರಿಟಿಷರ ವಿರುದ್ಧ ಮಾತ್ರ ಇರದೆ ಜವಾಬ್ದಾರಿ ಸರ್ಕಾರದ ಬೇಡಿಕೆಯೊಂದಿಗೂ ಹೆಣೆದುಕೊಂಡಿತ್ತೆಂಬುದನ್ನು ಮರೆಯಬಾರದು.

ಹುತಾತ್ಮರ ಸ್ಮಾರಕ ವೃತ್ತದಲ್ಲಿದೆ. ಆದರೂ ವೃತ್ತ ಪ್ರಸಿದ್ಧವಾದದ್ದು ಹಣದ ಸಂಸ್ಥೆಯ ಹೆಸರಿನಿಂದಲೇ ಹೊರತು ಪ್ರಾಣ ಕೊಟ್ಟವರ ಹೆಸರಿನಿಂದಲ್ಲ. ಇದನ್ನು ಕೇವಲ ಜನರ ಮರೆವೆನ್ನುವುದು ಸರಿಯಲ್ಲ. ದಾರಿ ಕೇಳುವವನಿಗೂ ಹೇಳುವವನಿಗೂ ಕಣ್ಣಿಗೆ ಕಾಣುವ ದೊಡ್ಡ ಕಟ್ಟಡವೇ ಗುರುತು. ಮೆಜೆಸ್ಟಿಕ್ ಮತ್ತು ಮಿನರ್ವ ವೃತ್ತಗಳು ಚಿತ್ರಮಂದಿರಗಳಿಂದ ಹೆಸರು ಪಡೆದದ್ದು ಇದೇ ರೀತಿಯಲ್ಲಿ. ಇಂತಹ ಕೂಡುದಾಣಗಳಿಗೆ ವಿಜಯಪುರದ ಕಡೆ ಚೌಕವೆಂದರೆ (ಅಲ್ಲಿಯ ಗಾಂಧಿ ಚೌಕ ಪ್ರಸಿದ್ಧ), ಬೆಂಗಳೂರಿನಲ್ಲಿ ಸರ್ಕಲ್ ಎಂಬುದೇ ಆಡುಮಾತು. ವೃತ್ತವೆಂಬುದು ಬಹುಮಟ್ಟಿಗೆ ಫಲಕಗಳ ಭಾಷೆ.

ಅಧಿಕೃತ ನಾಮಕರಣದಿಂದ ಹೆಸರು ಬದಲಾದ ಉದಾಹರಣೆಯೂ ಸಮೀಪದಲ್ಲಿಯೇ ದೊರೆಯುತ್ತದೆ. ಮೈಸೂರು ಯುದ್ಧಗಳಲ್ಲಿ ಮಡಿದ ಬ್ರಿಟಿಷ್ ಪಕ್ಷದವರಿಗಾಗಿ ನಿಲ್ಲಿಸಿದ್ದ ಸ್ಮಾರಕಸ್ತಂಭದಿಂದ ಸೆನೋಟಾಫ್ ರಸ್ತೆ ಎನಿಸಿಕೊಂಡಿದ್ದ ಮಾರ್ಗವು, 1964ರಲ್ಲಿ ಆ ಸ್ತಂಭವನ್ನು ಕೆಡವಿದ ಬಳಿಕ ನೃಪತುಂಗ ರಸ್ತೆಯಾಯಿತು. ಹೊಸ ಹೆಸರನ್ನು ನಗರವು ಒಪ್ಪಿಕೊಂಡಿತು, ಏಕೆಂದರೆ ಹಳೆಯದಕ್ಕೆ ಜನರ ನಿತ್ಯವ್ಯವಹಾರದಲ್ಲಿ ಬೇರಿರಲಿಲ್ಲ. ಮೈಸೂರು ಬ್ಯಾಂಕಿನ ವಿಷಯ ಹಾಗಲ್ಲ. ಮೂರು ನಾಲ್ಕು ತಲೆಮಾರುಗಳವರು ಅಲ್ಲಿ ಸಂಬಳ ಪಡೆದಿದ್ದರು, ಸಾಲ ತೀರಿಸಿದ್ದರು.

2016ರ ಏಪ್ರಿಲ್ 30ರಂದು ಸಮೀಪದಲ್ಲಿ ಆರಂಭವಾದ ಮೆಟ್ರೋ ನಿಲ್ದಾಣಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನೂ ಸೆಂಟ್ರಲ್ ಕಾಲೇಜಿನ ಹೆಸರನ್ನೂ ಕೂಡಿಸಿ ಇಡಲಾಗಿದೆ. ಬ್ಯಾಂಕಿನ ಸ್ಥಾಪನೆಗೆ ಕಾರಣರಾದವರ ಹೆಸರು ಹೀಗೆ ಆ ಬ್ಯಾಂಕು ಮರೆಯಾಗುವುದಕ್ಕೆ ಹನ್ನೊಂದು ತಿಂಗಳು ಮೊದಲೇ ಅದರ ನೆರೆಯ ನೆಲದಡಿಗೆ ಬಂದು ಸೇರಿತು.