ಡಬ್ಬಿಯನ್ನೂ ತಂದು ತೋರಿಸಿ

ತೋಟಕ್ಕೆ ಎಣ್ಣಿ, ಅಂದರೆ ಬೆಳೆಯ ಔಷಧಿ, ಹೊಡೆಯುವಾಗ ಯಾರಾದರೂ ತಲೆ ತಿರುಗಿ ಬಿದ್ದರೆ ಏನು ಮಾಡಬೇಕೆಂದು ವಿಜಯಪುರ ಜಿಲ್ಲೆಯ ಹೊರ್ತಿ, ಇಂಡಿ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ಬಿದ್ದವನ ಜೊತೆ ಎಣ್ಣಿಯ ಡಬ್ಬಿಯೂ ದವಾಖಾನೆಗೆ ಹೋಗಬೇಕು, ಯಾವ ವಿಷವೆಂದು ಡಾಕ್ಟರಿಗೆ ಗೊತ್ತಾಗಬೇಕು. ಅದೇ ಮನೆಯ ಹುಡುಗ ಹೊಟ್ಟೆ ಕರಗಿಸಲು ಕದ್ದು ನುಂಗುವ ಗುಳಿಗೆಯ ಡಬ್ಬಿ ಮಾತ್ರ ಹಾಸಿಗೆಯ ಕೆಳಗೇ ಉಳಿದುಬಿಡುತ್ತದೆ.

ಎಣ್ಣಿಗೂ ಅಂಥ ಗುಳಿಗೆಗೂ ಕೆಲವೊಮ್ಮೆ ನೆಂಟಸ್ತಿಕೆ ಇರುತ್ತದೆ. ದ್ರಾಕ್ಷಿಯ ಬೂದಿ ರೋಗಕ್ಕೆ ಬಳಸುತ್ತಿದ್ದ ಡಿನೊಕ್ಯಾಪ್ ಮತ್ತು ಕೊಬ್ಬು ಸುಡುತ್ತದೆಂದು ಇಂಟರ್‌ನೆಟ್ಟಿನಲ್ಲಿ ಕಳ್ಳದಾರಿಯಿಂದ ಮಾರುವ ಡಿಎನ್‌ಪಿ, ಅಂದರೆ ಡೈನೈಟ್ರೊಫಿನಾಲ್, ಎರಡೂ ಒಂದೇ ಕುಲದ ರಾಸಾಯನಿಕಗಳು. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಡಿಎನ್‌ಪಿಯ ಹಳದಿ ಪುಡಿ ಮುಟ್ಟಿ ದುಡಿದವರು ಸೊರಗಿದರು, ಮೈ ಕಾದು ಕೆಲವರು ಸತ್ತರು. ಇಷ್ಟು ಗೊತ್ತಿದ್ದೂ 1933ರಲ್ಲಿ ಸ್ಟ್ಯಾನ್‌ಫರ್ಡ್‌ನ ಮಾರಿಸ್ ಟೇಂಟರ್ ಮತ್ತು ವಿಂಡ್ಸರ್ ಕಟಿಂಗ್ ಅದನ್ನು ತೂಕ ಇಳಿಸುವ ಮದ್ದೆಂದು ಮುಂದಿಟ್ಟರು. ವರ್ಷದೊಳಗೆ ಅಮೆರಿಕದ ಸುಮಾರು 1 ಲಕ್ಷ ಜನ ನುಂಗಿದ್ದರು. ಹರೆಯದವರ ಕಣ್ಣಿಗೂ ಪೊರೆ ಬಂತು, ಸಾವುಗಳಾದವು. 1938ರ ಹೊಸ ಕಾನೂನು ಬಂದ ಮೇಲೆ ಅಲ್ಲಿ ಅದರ ಬಳಕೆ ನಿಂತಿತು.

ಜೀವಕೋಶದಲ್ಲಿ ಅನ್ನದಿಂದ ಬಂದ ಶಕ್ತಿ ದೇಹದ ಕೆಲಸಕ್ಕೆ ಒದಗಬೇಕು. ಡಿಎನ್‌ಪಿ ಆ ಕೊಂಡಿಯನ್ನು ಕಳಚುತ್ತದೆ. ಶಕ್ತಿಯೆಲ್ಲ ಬರೀ ಕಾವಾಗಿ ಹೋಗುತ್ತದೆ. ಕೊಬ್ಬು ಕರಗುವುದು ನಿಜ, ಆದರೆ ಕಾವು ಎಲ್ಲಿ ನಿಲ್ಲಬೇಕೆಂಬುದು ನುಂಗಿದವನ ಕೈಯಲ್ಲಿಲ್ಲ. ಇದಕ್ಕೆ ಪ್ರತಿವಿಷವೂ ಇಲ್ಲ.

ಈಗ ಏಪ್ರಿಲ್ ತಿಂಗಳ ವಿಜಯಪುರ ಜಿಲ್ಲೆಯನ್ನು ನೆನೆಯಿರಿ. ಬಿಸಿಲು 40 ಡಿಗ್ರಿ ದಾಟಿದೆ. ಡಿಎನ್‌ಪಿ ನುಂಗಿ ಮೈ ಕೆಂಡವಾಗಿ, ಬೆವರು ಸುರಿದು, ಎದೆ ಹೊಡೆದುಕೊಳ್ಳುತ್ತಿರುವ ಹುಡುಗನನ್ನು ದವಾಖಾನೆಗೆ ತಂದರೆ ಮೊದಲು ಹೊಳೆಯುವುದೇ ಬಿಸಿಲು ಬಡಿದಿದೆ ಎಂದು, ಇಲ್ಲವೇ ಜ್ವರ ಎಂದು. “ಏನರೆ ಗುಳಿಗಿ ತಗೊಂಡಿಯೇನಪಾ?” ಎಂದು ಕೇಳಿದರೆ, ಪಕ್ಕದಲ್ಲಿ ಅಪ್ಪ ನಿಂತಿರುತ್ತಾನೆ, “ಏನಿಲ್ರೀ ಸರ” ಎಂಬ ಉತ್ತರ ಬರುತ್ತದೆ. ಪ್ಯಾರಾಸಿಟಮಾಲ್ ಈ ಕಾವನ್ನು ಇಳಿಸುವುದಿಲ್ಲ, ಏಕೆಂದರೆ ಇದು ಮಿದುಳು ಏರಿಸಿದ ಜ್ವರವಲ್ಲ. ಕೂಡಲೇ ಮೈ ತಣ್ಣಗಾಗಿಸಿ ತೀವ್ರ ನಿಗಾ ಘಟಕಕ್ಕೆ ಸೇರಿಸಬೇಕು. ಆ ಒಂದು ಸುಳ್ಳಿನಿಂದ ಕಳೆದುಹೋಗುವ ಗಂಟೆಗಳೇ ಪ್ರಾಣ ತೆಗೆಯಬಹುದು.

ಉಳಿದ ಕಳ್ಳಮದ್ದುಗಳೂ ಡಾಕ್ಟರನ್ನು ದಾರಿ ತಪ್ಪಿಸುತ್ತವೆ. ಜಿಮ್‌ಗಳಲ್ಲಿ ಹೆಸರಾದ ಕ್ಲೆನ್‌ಬುಟೆರಾಲ್ ರಕ್ತದ ಪೊಟ್ಯಾಸಿಯಂ ಇಳಿಸಿ ಎದೆಬಡಿತ ಕೆಡಿಸುತ್ತದೆ. ಸಣ್ಣಗಾಗಲೆಂದು ಥೈರಾಯ್ಡ್ ಗುಳಿಗೆ ನುಂಗಿದವರ ರಕ್ತಪರೀಕ್ಷೆ ಇಲ್ಲದ ಕಾಯಿಲೆಯನ್ನು ತೋರಿಸುತ್ತದೆ. ಹೃದಯಕ್ಕೆ ಅಪಾಯವೆಂದು ಭಾರತ 2011ರಲ್ಲಿ ನಿಷೇಧಿಸಿದ ಸಿಬುಟ್ರಮಿನ್ ‘ಗಿಡಮೂಲಿಕೆ’ ಎಂಬ ಚೀಟಿ ಹಚ್ಚಿದ ಪುಡಿಗಳಲ್ಲಿ ಹಲವು ದೇಶಗಳಲ್ಲಿ ಸಿಕ್ಕಿದೆ. ಆದ್ದರಿಂದ ಆಯುರ್ವೇದದ್ದು, ಅದನ್ನೇನು ಹೇಳುವುದು ಎನ್ನಬೇಡಿ. ಇಂಡಿ ಲಿಂಬಿಯ ಶರಬತ್ತನ್ನು ಬೇಕಾದರೆ ಹೇಳದೆ ಬಿಡಿ.

2025ರಿಂದ ನಮ್ಮಲ್ಲಿ ತೂಕ ಇಳಿಸಲೆಂದೇ ಸಿಗುತ್ತಿರುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದುಗಳನ್ನು ಈ ಸಾಲಿಗೆ ಸೇರಿಸಬಾರದು. ಅವು ವೈದ್ಯರು ಬರೆದುಕೊಡುವ ಔಷಧಿಗಳು. ಆದರೂ ಮುಚ್ಚಿಟ್ಟರೆ ಅವೂ ಅಪಾಯವೇ. ಅವು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ. ಆಪರೇಶನ್ನಿಗೆ ಮುಂಚೆ “ರಾತ್ರಿಯಿಂದ ಏನೂ ತಿಂದಿಲ್ರೀ” ಎಂದವರು ನಿಜವನ್ನೇ ಹೇಳಿರುತ್ತಾರೆ, ಹೊಟ್ಟೆಯಲ್ಲಿ ಮಾತ್ರ ನಿನ್ನೆಯ ಊಟ ಇನ್ನೂ ಇರಬಹುದು. ಅರಿವಳಿಕೆಯಲ್ಲಿದ್ದಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ವಾರಕ್ಕೊಮ್ಮೆ ಚುಚ್ಚುವ ಮದ್ದಾದ್ದರಿಂದ “ದಿನಾ ಯಾವ ಗುಳಿಗಿ ತಗೋತೀರಿ?” ಎಂಬ ಪ್ರಶ್ನೆಗೆ ಅದು ನೆನಪಾಗುವುದೇ ಇಲ್ಲ.

ಬಾಯಿ ಕಟ್ಟುವುದು ಬಹುಪಾಲು ನಾಚಿಕೆ, ಮನೆಯವರ ಭಯ. ಬೈಯುವ ಡಾಕ್ಟರುಗಳ ಪಾಲೂ ಇದರಲ್ಲಿ ಕಡಿಮೆಯಿಲ್ಲ. ರೋಗಿಯ ಗುಟ್ಟು ಕಾಯುವುದು 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ಅವರ ಕರ್ತವ್ಯ. ಅಪ್ಪನ ಮುಂದೆ ಹೇಳಲಾಗದಿದ್ದರೆ “ಸರ, ಇವರನ್ನ ಒಂದೀಟ ಹೊರಗ ಕೂಡಸ್ರಿ” ಎಂದು ನೀವೇ ಕೇಳಬಹುದು.