ಹೆಡ್ ಬದಲಿಸುವ ಮುನ್ನ

‘ಕಾಕಾ, ಇದೇ ಹಾಕಸಮು, ಗಾಡಿ ಹಾರತದ ನೋಡ್ರಿ’ ಎನ್ನುತ್ತ ಅಣ್ಣನ ಮಗ ಮೊಬೈಲನ್ನು ನನ್ನ ಮುಂದೆ ಹಿಡಿದ. ಬೆಳ್ಳಿಯಂತೆ ಹೊಳೆಯುವ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ಡಿನ ಚಿತ್ರ ಅದರಲ್ಲಿತ್ತು. ಚಿಮ್ಮನಚೋಡದ ನಮ್ಮ ಮನೆಯಂಗಳದಲ್ಲಿ ನಿಂತಿರುವ ಅಂಬಾಸಿಡರ್ ಅಣ್ಣನದು. ಅವನು ತೀರಿಕೊಂಡ ಮೇಲೆ ಕಾರನ್ನು ಗುಜರಿಗೆ ಹಾಕಬಾರದು, ಉಳಿಸಿಕೊಳ್ಳುವುದಾದರೆ ವೇಗವನ್ನೂ ಹೆಚ್ಚಿಸಬೇಕು ಎಂಬುದು ಹುಡುಗನ ಹಟ. ಎರಡು ವರ್ಷದ ಉಳಿತಾಯವನ್ನು ಅದಕ್ಕೆಂದೇ ತೆಗೆದಿಟ್ಟಿದ್ದಾನೆ.

ಅವನ ಆಸೆ ನಿರಾಧಾರವೇನಲ್ಲ. ಹಳೆಯ ಅಂಬಾಸಿಡರಿನ 1489 ಸಿಸಿ ಎಂಜಿನ್ ಹಾಗೂ ಬ್ರಿಟನ್ನಿನ ಎಂಜಿಬಿ ಸ್ಪೋರ್ಟ್ಸ್ ಕಾರಿನ 1798 ಸಿಸಿ ಎಂಜಿನ್ ಎರಡೂ ಬಿಎಂಸಿಯ ‘ಬಿ’ ಸರಣಿಯ ದಾಯಾದಿಗಳು. ಎಂಜಿಬಿಗೆ ಇಂದಿಗೂ ವಿದೇಶಗಳಲ್ಲಿ ಹೊಸ ಹೆಡ್ಡುಗಳು ಸಿಗುತ್ತವೆ. ಆದರೆ ದಾಯಾದಿಯ ಅಂಗಿ ನಮ್ಮ ಮೈಗೆ ಹೊಂದಬೇಕಲ್ಲ! ಎರಡರಲ್ಲೂ ಪಿಸ್ಟನ್ ಓಡುವ ದೂರ 88.9 ಮಿ.ಮೀ.; ಸಿಲಿಂಡರಿನ ವ್ಯಾಸ ಮಾತ್ರ ಅಲ್ಲಿ 80.26, ಇಲ್ಲಿ ಸುಮಾರು 73. ಅಗಲ ಸಿಲಿಂಡರಿಗೆಂದು ಮಾಡಿದ ದೊಡ್ಡ ವಾಲ್ವುಗಳು ಇಲ್ಲಿ ಗೋಡೆಗೆ ಅಂಟಿಕೊಂಡಂತಾಗುತ್ತವೆ. ಬಾಗಿಲನ್ನು ಹಿಗ್ಗಿಸಿ ಎದುರಿಗೇ ಗೋಡೆ ಕಟ್ಟಿದರೆ ಗಾಳಿ ಎಲ್ಲಿಂದ ಬಂದೀತು?

ದೊಡ್ಡ ಪೋರ್ಟಿನ ಮೋಹವೂ ಇಂಥದೇ. ಎಂಜಿನ್ ನಿಧಾನವಾಗಿ ತಿರುಗುವಾಗ ಅಗಲವಾದ ದಾರಿಯಲ್ಲಿ ಗಾಳಿಯ ವೇಗ ಕುಗ್ಗುತ್ತದೆ, ಪೆಟ್ರೋಲ್ ಸರಿಯಾಗಿ ಬೆರೆಯುವುದಿಲ್ಲ. ಹಿಂದೆ ಶೋಲಾವರಂನ ವಿಮಾನಪಟ್ಟಿಯಲ್ಲಿ ರೇಸು ಓಡಿಸುತ್ತಿದ್ದವರಿಗೆ ಅದು ನಡೆದೀತು. ಸೇಡಂ ದಾರಿಯಲ್ಲಿ ಸಿಮೆಂಟು, ಪರಸಿ ಕಲ್ಲು ಹೊತ್ತ ಲಾರಿಗಳ ಹಿಂದೆ ತೆವಳುವ ನಮಗೆ ಬೇಕಾದುದು ಕೆಳಗಿನ ಎಳೆತ.

ಇನ್ನು ಒತ್ತಡದ ಅನುಪಾತ. ಒಂದೊಂದು ಸಿಲಿಂಡರಿನ ಗಾತ್ರ 372 ಸಿಸಿ. ಪಿಸ್ಟನ್ ಮೇಲೇರಿದಾಗ ಉಳಿಯುವ ಅವಕಾಶ 60 ಸಿಸಿ ಇದ್ದರೆ ಅನುಪಾತ 7.2, ಅದು 50ಕ್ಕೆ ಇಳಿದರೆ 8.4. ಹೆಚ್ಚಿದಷ್ಟೂ ಶಕ್ತಿ ನಿಜ, ಬಿಸಿಯೂ ನಿಜ. ಅಣ್ಣನಿದ್ದಾಗ ಒಂದು ಗ್ಯಾರೇಜಿನವರು ಶಕ್ತಿ ಬರುತ್ತದೆಂದು ಹೆಡ್ಡಿಗೆ ಫೇಸಿಂಗ್ ಮಾಡಿ ತಳವನ್ನು ತುರಿದಿದ್ದರು. ಮೇ ತಿಂಗಳ ಉರಿಬಿಸಿಲಿನಲ್ಲಿ, ಮನೆಮಂದಿಯನ್ನೆಲ್ಲ ತುಂಬಿಕೊಂಡು ಕೊಂಚಾವರಂ ಕಾಡಿನ ಏರು ಹತ್ತುವಾಗ ಎಂಜಿನ್ ಕಟಕಟ ಎನ್ನತೊಡಗಿತು. ನಾಲ್ಕನೆಯ ಸಿಲಿಂಡರಿನ ಬಳಿ ಗ್ಯಾಸ್ಕೆಟ್ ಸುಟ್ಟುಹೋಯಿತು. ಕತ್ತಲಾಗುವವರೆಗೂ ಮಕ್ಕಳೊಂದಿಗೆ ರಸ್ತೆಬದಿಯಲ್ಲಿ ಕುಳಿತಿದ್ದೆವು.

ಅಲ್ಯೂಮಿನಿಯಂ ಶಾಖವನ್ನು ಬೇಗ ಬಿಟ್ಟುಕೊಡುತ್ತದೆ, ಒಪ್ಪುತ್ತೇನೆ. ಆದರೆ ರೇಡಿಯೇಟರಿಗೆ ಬಾವಿಯ ನೀರು ಸುರಿಯುವ ಚಾಳಿ ನಮ್ಮದು. ಸುಣ್ಣಕಲ್ಲಿನ ಈ ಸೀಮೆಯ ಗಡಸು ನೀರು ಯಾವ ಹೆಡ್ಡಿನ ಒಳದಾರಿಯಲ್ಲೂ ಹೆಂಟೆಗಟ್ಟುತ್ತದೆ. ಕೂಲಂಟ್ ಹಾಕದವನಿಗೆ ಹೊಸ ಹೆಡ್ ಯಾಕೆ? ಜತೆಗೆ, ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನೂ ಮರೆಯುವಂತಿಲ್ಲ.

ನಿಜವಾದ ಕೊರತೆ ಬೇರೆಡೆ ಇದೆ. ದೇಶದಲ್ಲಿ ಸೀಸದ ಪೆಟ್ರೋಲ್ 2000ದಲ್ಲಿ ನಿಂತಿತು. ಹಳೆಯ ಎರಕದ ಕಬ್ಬಿಣದ ಹೆಡ್ಡಿನಲ್ಲಿ ಎಕ್ಸಾಸ್ಟ್ ವಾಲ್ವಿನ ಸೀಟನ್ನು ಕಾಯುತ್ತಿದ್ದುದು ಆ ಸೀಸವೇ. ಈಗ ಸೀಟು ಸವೆದು ವಾಲ್ವು ಒಳಗಿಳಿಯುತ್ತದೆ, ಟ್ಯಾಪೆಟ್ ಸಂದು ಮುಚ್ಚುತ್ತದೆ, ಕೊನೆಗೆ ವಾಲ್ವೇ ಸುಡುತ್ತದೆ. ಹಾಗಾಗಿ ಹಳೆಯ ಹೆಡ್ಡಿಗೇ ಗಟ್ಟಿ ಉಕ್ಕಿನ ಸೀಟು ಕೂರಿಸಿ, ಪೋರ್ಟುಗಳ ಒರಟು ತೆಗೆಸಿ, ಮಿಕ್ಕ ಹಣವನ್ನು ಬ್ರೇಕಿಗೆ ಹಾಕೆಂದೆ. ಹುಡುಗ ಮುಖ ಸಣ್ಣದು ಮಾಡಿದ.

ಹೆಡ್ ಬಿಚ್ಚಿ, ತಿರುವಿ, ಸಮತಟ್ಟಾಗಿಟ್ಟೆವು. ನಡುವೆ ತೂತಿರುವ ಗಾಜಿನ ತುಂಡನ್ನು ಗ್ರೀಸು ಸವರಿ ಕೂರಿಸಿ, ಔಷಧಿ ಅಂಗಡಿಯಿಂದ ತಂದ ಸಿರಿಂಜಿನಲ್ಲಿ ಸೀಮೆಎಣ್ಣೆ ಬಿಡುತ್ತ ಒಂದೊಂದೇ ಕೋಣೆಯನ್ನು ಅಳೆದೆವು. ಮೊದಲನೆಯದರಿಂದ ಮುಂದೆ ಹೋದಂತೆ ಅಳತೆ ಇಳಿಯುತ್ತ ಬಂತು; ನಾಲ್ಕನೆಯದು ಒಂದೂವರೆ ಮಿ.ಲೀ. ಕಡಿಮೆ. ಅಂದು ತುರಿದವರು ಹೆಡ್ಡನ್ನು ಓರೆಯಾಗಿ ಕೂರಿಸಿದ್ದರು. ಹುಡುಗ ಬಹಳ ಹೊತ್ತು ನಾಲ್ಕನೆಯ ಕೋಣೆಯನ್ನೇ ನೋಡುತ್ತಿದ್ದ. ‘ಕಾಕಾ, ಇನ್ನೊಮ್ಮೆ ಅಳೀಮು’ ಎಂದು ಸಿರಿಂಜನ್ನು ಮತ್ತೆ ತುಂಬಿಸಿಕೊಂಡ.